ಇನರ್ಷಿಯ: ಸೋಮಾರಿತನದಿಂದ ಬಂದ ಪದ

ಭೌತವಿಜ್ಞಾನದಲ್ಲಿ ನಾವು ಮೊದಮೊದಲು ಕಲಿಯುವ ಪದಗಳಲ್ಲಿ 'ಇನರ್ಷಿಯ' ಒಂದು. ಇಂಗ್ಲಿಷಿನ ಈ ಪದ ಲ್ಯಾಟಿನ್ ಭಾಷೆಯಿಂದ ಬಂದುದು. ಲ್ಯಾಟಿನ್ನಿನಲ್ಲಿ 'ಆರ್ಸ್' ಎಂದರೆ ಕಲೆ, ಕುಶಲತೆ. ಇಂಗ್ಲಿಷಿನ 'ಆರ್ಟ್' ಎಂಬುದಕ್ಕೂ ಅದೇ ಮೂಲ. 'ಇನ್' ಎಂಬ ಉಪಸರ್ಗ ಇಲ್ಲಿ 'ಇಲ್ಲ' ಎಂಬುದನ್ನು ಸೂಚಿಸುತ್ತದೆ. ಎರಡೂ ಕೂಡಿ 'ಇನರ್ಸ್' ಆಯಿತು. ಎಂದರೆ ಕುಶಲತೆಯಿಲ್ಲದವನು, ಸೋಮಾರಿ. ಅವನ ಗುಣವೇ 'ಇನರ್ಷಿಯ'. ರೋಮನ್ನರಿಗೆ ಅದು ಮನುಷ್ಯರನ್ನು ಹಳಿಯುವ ಮಾತು.

ಈ ಮಾತನ್ನು ಜರ್ಮನಿಯ ಖಗೋಳಜ್ಞ ಯೋಹಾನೆಸ್ ಕೆಪ್ಲರ್ (1571–1630) ಗ್ರಹಗಳಿಗೆ ಅನ್ವಯಿಸಿದನು. ಅವನ ಎಣಿಕೆಯಂತೆ ದ್ರವ್ಯವು ಸ್ವಭಾವತಃ ಆಲಸಿ. ನೂಕುವ ಬಲವಿಲ್ಲದಿದ್ದರೆ ಅದು ಇದ್ದಲ್ಲಿಯೇ ನಿಂತುಬಿಡುತ್ತದೆ. ಆದುದರಿಂದ ಸೂರ್ಯನಿಂದ ಹೊರಡುವ ಬಲವೊಂದು ಗ್ರಹಗಳನ್ನು ಸದಾ ತಳ್ಳುತ್ತಿರಬೇಕು.

ಇಟಲಿಯ ಗೆಲಿಲಿಯೊ ಇಳಿಜಾರು ಹಲಗೆಗಳ ಮೇಲೆ ಗುಂಡುಗಳನ್ನು ಉರುಳಿಸಿ ನೋಡಿದನು. ಅಡೆತಡೆಯಿಲ್ಲದ ಸಮತಲದ ಮೇಲೆ ಚಲಿಸುವ ವಸ್ತು ಒಂದೇ ವೇಗದಲ್ಲಿ ಸಾಗುತ್ತಲೇ ಇರುವುದೆಂದು 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹೇಳಿದನು. ಮುಂದೆ ನ್ಯೂಟನ್ 1687ರ 'ಪ್ರಿನ್ಸಿಪಿಯ' ಗ್ರಂಥದಲ್ಲಿ ಹಳೆಯ ಹೆಸರನ್ನೇ ಉಳಿಸಿಕೊಂಡು ಅದಕ್ಕೆ ಹೊಸ ಅರ್ಥವನ್ನು ತುಂಬಿದನು. ನಿಂತ ವಸ್ತು ಹೊರಗಿನ ಬಲವಿಲ್ಲದೆ ಚಲಿಸದು. ಚಲಿಸುವ ವಸ್ತು ಹೊರಗಿನ ಬಲವಿಲ್ಲದೆ ನಿಲ್ಲದು, ವೇಗ ಬದಲಿಸದು, ದಾರಿ ತಿರುಗದು. ಇವೆರಡೂ ಒಂದೇ ಗುಣದ ಎರಡು ಮುಖಗಳು.

ಕನ್ನಡದಲ್ಲಿ ಈ ಗುಣವನ್ನು ನಾವು 'ಜಡತ್ವ' ಎನ್ನುತ್ತೇವೆ. 'ಜಡ' ಎಂಬಲ್ಲಿಯೂ ಚುರುಕಿಲ್ಲದ್ದು ಎಂಬ ಭಾವವೇ ಇದೆ. ಹೀಗೆ ಎರಡು ಭಾಷೆಗಳಲ್ಲಿಯೂ ಪದವು ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಉಳಿದರ್ಧವನ್ನು ನಾವೇ ನೆನಪಿಡಬೇಕು. ಉರುಳುತ್ತಿದ್ದ ಚೆಂಡು ನಿಂತುದೇಕೆಂದು ಕೇಳಿದಾಗ 'ಜಡತ್ವದಿಂದ' ಎಂದು ಉತ್ತರಿಸಿದರೆ ನಾವು ಕೆಪ್ಲರನ ಕಾಲಕ್ಕೆ ಮರಳಿದಂತೆಯೇ ಸರಿ. ಚೆಂಡನ್ನು ನಿಲ್ಲಿಸಿದುದು ನೆಲದ ಘರ್ಷಣೆ. ಕೈಬಿಟ್ಟ ಮೇಲೂ ಅದು ಅಷ್ಟು ದೂರ ಉರುಳಿತಲ್ಲ, ಅದಕ್ಕೆ ಕಾರಣ ಜಡತ್ವ.

ಘರ್ಷಣೆ ಇಲ್ಲವೆನ್ನುವಷ್ಟು ಕಡಮೆಯಿರುವ ಕಡೆ ಏನಾಗುತ್ತದೆ? 1977ರಲ್ಲಿ ಅಮೆರಿಕ ಹಾರಿಸಿದ 'ವಾಯೇಜರ್ 1' ನೌಕೆಯನ್ನು ನೋಡೋಣ. ಅದನ್ನು ಮುಂದಕ್ಕೆ ನೂಕುವ ರಾಕೆಟ್ ಯಾವುದೂ ಈಗ ಉರಿಯುತ್ತಿಲ್ಲ. ಸೂರ್ಯನ ಸೆಳೆತವು ಅದರ ವೇಗವನ್ನು ಅತ್ಯಲ್ಪವಾಗಿ ಕುಗ್ಗಿಸುತ್ತಿದೆಯಾದರೂ ಅದು ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸೂರ್ಯನಿಂದ ದೂರ ಸಾಗುತ್ತಲೇ ಇದೆ. ರೋಮನ್ನರು ಸೋಮಾರಿತನವೆಂದು ಹಳಿದ ಹೆಸರಿನ ಗುಣವೇ ಅದನ್ನು ನಡೆಸುತ್ತಿದೆ.