ಪುನರ್ಪುಳಿ ಕುಡಿಯಿರಿ, ಮಾತ್ರೆ ಬಿಡಬೇಡಿ

ಪುನರ್ಪುಳಿಯಲ್ಲಿ ಆ್ಯಂಟಿಆಕ್ಸಿಡೆಂಟ್ ಬೇಕಾದಷ್ಟಿದೆಯಂತೆ, ದಿನಾ ಶರಬತ್ತು ಕುಡಿದರೆ ಬಿಪಿ ಮಾತ್ರೆ ನಿಲ್ಲಿಸಬಹುದೇ? ಕಾಪುವಿನ ಓದುಗರೊಬ್ಬರ ಪ್ರಶ್ನೆ ಇದು. ಮೊದಲರ್ಧ ನಿಜ. ಆ ಕೆಂಪು ಬಣ್ಣ ಕೊಡುವ ಆಂಥೋಸಯನಿನ್ ಉತ್ಕರ್ಷಣವನ್ನು ತಡೆಯುವ ವಸ್ತುವೇ. ಉಳಿದರ್ಧಕ್ಕೆ ಉತ್ತರ ರಕ್ತನಾಳದ ಒಳಗೋಡೆಯಲ್ಲಿದೆ.

ಆ ಗೋಡೆಯ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸುತ್ತವೆ. ಅದರ ಆಯುಷ್ಯ ಕೆಲವೇ ಸೆಕೆಂಡು. ಅಷ್ಟರೊಳಗೆ ಅದು ನಾಳದ ಸ್ನಾಯುವನ್ನು ಸಡಿಲಿಸಿ ರಕ್ತಕ್ಕೆ ದಾರಿ ಅಗಲ ಮಾಡುತ್ತದೆ. ಇದನ್ನು ಕಂಡುಕೊಂಡವರಿಗೆ 1998ರಲ್ಲಿ ನೊಬೆಲ್ ಬಂತು. ಅನಿಲದ ವೈರಿ ಸೂಪರ್‌ಆಕ್ಸೈಡ್, ಅಂದರೆ ಎಲೆಕ್ಟ್ರಾನ್ ಒಂದು ಹೆಚ್ಚಾದ ಆಮ್ಲಜನಕ. ಈ ವೈರಿಯನ್ನು ಹಿಡಿಯಲು ನಮ್ಮ ಮೈಯಲ್ಲೇ ಕಾವಲಿದೆ: ತಾಮ್ರ ಮತ್ತು ಸತುವನ್ನು ಒಡಲಲ್ಲಿಟ್ಟುಕೊಂಡ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್. 1969ರಲ್ಲಿ ಮೆಕ್ಕಾರ್ಡ್ ಮತ್ತು ಫ್ರಿಡೋವಿಚ್ ಗುರುತಿಸಿದ ಈ ಕಿಣ್ವದಷ್ಟು ಚುರುಕಾದವು ಬಹಳ ಇಲ್ಲ. ಆದರೂ ವಿಸ್ಮಯ ನೋಡಿ, ನೈಟ್ರಿಕ್ ಆಕ್ಸೈಡ್ ಆ ಕಾವಲಿಗಿಂತಲೂ ಬೇಗ ಹೋಗಿ ವೈರಿಯನ್ನೇ ತಬ್ಬಿಕೊಳ್ಳುತ್ತದೆ! ಹುಟ್ಟುವುದು ಪೆರಾಕ್ಸಿನೈಟ್ರೈಟ್ ಎಂಬ ಕೆಡುಕು. ಸಡಿಲಿಸುವ ಅನಿಲ ಕಳೆದುಹೋಗಿ ನಾಳ ಬಿಗಿಯುತ್ತದೆ.

ಇಂಥ ಕಿಣ್ವಕ್ಕೇ ನಿಲುಕದ ವೇಗ ಶರಬತ್ತಿಗೆ ನಿಲುಕೀತೇ? ಕುಡಿದ ಆಂಥೋಸಯನಿನ್‌ನಲ್ಲಿ ರಕ್ತಕ್ಕೆ ಸೇರುವುದೂ ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದ ಡಾ. ಸಲೀಂ ಯೂಸುಫ್ ಮುಂದಾಳತ್ವದ ‘ಹೋಪ್’ ಅಧ್ಯಯನದ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಹೃದಯದ ಅಪಾಯವಿದ್ದ 9,000ಕ್ಕೂ ಹೆಚ್ಚು ಜನರ ಮೇಲೆ ಅದು ಎರಡನ್ನು ಪರೀಕ್ಷಿಸಿತ್ತು. ಆ್ಯಂಟಿಆಕ್ಸಿಡೆಂಟ್ ಆದ ವಿಟಮಿನ್ ಇ ಹೃದಯಾಘಾತವನ್ನೂ ಪಾರ್ಶ್ವವಾಯುವನ್ನೂ ತಡೆಯಲಿಲ್ಲ. ಬಿಪಿ ಮಾತ್ರೆ ರಾಮಿಪ್ರಿಲ್ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳನ್ನು ಒಟ್ಟಾರೆ ಶೇ. 22ರಷ್ಟು ಇಳಿಸಿತು.

ಕಾರಣವೂ ಸೊಗಸಾಗಿದೆ. ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ನಾಳವನ್ನು ಬಿಗಿಯುವುದಲ್ಲದೆ ಸೂಪರ್‌ಆಕ್ಸೈಡ್ ತಯಾರಿಸುವ ಕಿಣ್ವವನ್ನೂ ಕೆರಳಿಸುತ್ತದೆ. ರಾಮಿಪ್ರಿಲ್ ಆ ಹಾರ್ಮೋನಿನ ಉತ್ಪತ್ತಿಯನ್ನು ತಗ್ಗಿಸುತ್ತದೆ, ಇನ್ನೊಂದು ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್ ಅದರ ಕೆಲಸವನ್ನು ತಡೆಯುತ್ತದೆ. ವೈರಿ ಹುಟ್ಟುವ ಜಾಗದಲ್ಲೇ ಅಡ್ಡಗಟ್ಟುವ ಉಪಾಯ ಇದು. ಮಾತ್ರೆ ಬಿಟ್ಟು ಶರಬತ್ತನ್ನು ನಂಬುವುದು ದೋಣಿಯ ತೂತು ಮುಚ್ಚದೆ ನೀರು ಮೊಗೆದಂತೆ.

ಮಾತ್ರೆ ಬಿಟ್ಟು ಕಷಾಯ ಕುಡಿಯಿರಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರು ನೆರೆಯವರ ಜೀವದೊಡನೆ ಆಡುತ್ತಿದ್ದಾರೆ. ಪುನರ್ಪುಳಿ, ತಿಮರೆ, ಹರಿವೆ ಎಲ್ಲವೂ ಊಟದಲ್ಲಿರಲಿ. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಒಣಮೀನು, ಉಪ್ಪುಸೊಳೆ ಮಾತ್ರ ಕಡಿಮೆಯಾಗಲಿ. ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಣಿಪಾಲದ ಆಸ್ಪತ್ರೆಗೇ ಹೋಗಬೇಕೆಂದಿಲ್ಲ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಒತ್ತಡ ಅಳೆಸಿಕೊಳ್ಳಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.