ಒತ್ತಿದ ಕೀಲಿ ಓಗೊಡದಾಗ

ಗಣಕದಲ್ಲಿ ಚಿತ್ರ ರಚಿಸುವವರ ನಡುವೆ, ಅವರು ಡಿ.ಟಿ.ಪಿ. ಅಂಗಡಿಯ ವಿನ್ಯಾಸಕಾರರಾಗಿರಲಿ, ಆನಿಮೇಷನ್ ಕಲಿಯುತ್ತಿರುವ ವಿದ್ಯಾರ್ಥಿಗಳಾಗಿರಲಿ, ಒಂದು ದೂರು ಸರ್ವಸಾಮಾನ್ಯವಾದುದು: ಮೌಸ್ ಓಡಾಡುತ್ತದೆ, ಪರದೆಯ ಮೇಲೆ ಚಿತ್ರವೂ ಇದೆ, ಆದರೆ ಕೀಲಿ ಒತ್ತಿದರೆ ಏನೂ ಆಗುವುದಿಲ್ಲ. ಕುಂಚವನ್ನು ಕರೆಯಲೆಂದು ‘ಬಿ’ ಕೀಲಿಯನ್ನು ಒಮ್ಮೆ ಮೆಲ್ಲಗೆ, ಇನ್ನೊಮ್ಮೆ ಬಲವಾಗಿ, ಮೂರನೆಯ ಸಲ ಸಿಟ್ಟಿನಿಂದ ಒತ್ತಿ, ಕೀಬೋರ್ಡನ್ನು ಮಗುಚಿ ಕೊಡವಿ, ಯು.ಎಸ್.ಬಿ. ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸಿ, ಕಟ್ಟಕಡೆಗೆ ಗಣಕವನ್ನೇ ಆರಿಸಿ ಮತ್ತೆ ಹೊತ್ತಿಸುವ ಈ ವಿಧಿಯಲ್ಲಿ ಕೀಬೋರ್ಡಿನ ಮೇಲೆ ಹೊರಿಸಲ್ಪಡುವ ಅಪರಾಧವು ಬಹುಪಾಲು ಸಂದರ್ಭಗಳಲ್ಲಿ ಅದರದಲ್ಲ. ಕೀಲಿಯು ತನ್ನ ಸುದ್ದಿಯನ್ನು ಯಥಾಕಾಲದಲ್ಲಿ ಕಳುಹಿಸಿಯೇ ಇರುತ್ತದೆ. ಸುದ್ದಿ ಮಾತ್ರ ಬೇರೊಬ್ಬರ ಕೈಸೇರಿರುತ್ತದೆ. ಹಾಗೆ ಕೈಸೇರಲು ಎಡೆಯಾದುದು ಹೇಗೆಂಬುದರ ಕಥೆ ಅರುವತ್ತು ವರ್ಷಗಳಿಗೂ ಮಿಕ್ಕಿದುದು.

1963ರಲ್ಲಿ ಐವನ್ ಸದರ್ಲೆಂಡ್ ಅವರು ಅಮೆರಿಕದ ಎಂ.ಐ.ಟಿ.ಗೆ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ವಸ್ತು ‘ಸ್ಕೆಚ್‌ಪ್ಯಾಡ್’ ಎಂಬ ತಂತ್ರಾಂಶ. ಲಿಂಕನ್ ಪ್ರಯೋಗಾಲಯದ ಟಿ.ಎಕ್ಸ್.-2 ಎಂಬ ಗಣಕದಲ್ಲಿ ಅದು ನಡೆಯುತ್ತಿತ್ತು. ಒಂದು ಕೈಯಲ್ಲಿ ಬೆಳಕಿನ ಲೇಖನಿಯನ್ನು ಹಿಡಿದು ಪರದೆಯ ಮೇಲೆ ಗೆರೆಯೆಳೆಯುತ್ತ, ಇನ್ನೊಂದು ಕೈಯಿಂದ ಗುಂಡಿಗಳ ಪೆಟ್ಟಿಗೆಯೊಂದನ್ನು ಒತ್ತುತ್ತ, ಇದು ಗೆರೆ, ಇದು ವೃತ್ತದ ಕೇಂದ್ರ, ಇದನ್ನು ಅಳಿಸು ಎಂದು ಯಂತ್ರಕ್ಕೆ ಆಜ್ಞಾಪಿಸುವ ಆ ಏರ್ಪಾಡಿನಲ್ಲಿ ನಾವು ಇಂದು ಗಮನಿಸಬೇಕಾದ ಅಂಶವೆಂದರೆ, ಒಂದು ಗುಂಡಿಗೆ ಒಂದೇ ಅರ್ಥವಿತ್ತೆಂಬುದು. ಗುಂಡಿಯ ಒತ್ತನ್ನು ಕೇಳಲು ಎರಡನೆಯ ತಂತ್ರಾಂಶವಿರಲಿಲ್ಲ, ಅಕ್ಷರ ಟೈಪಿಸುವ ಚೌಕವಿರಲಿಲ್ಲ, ಭಾಷೆ ಬದಲಿಸುವ ಪ್ರಶ್ನೆಯಂತೂ ಇರಲೇ ಇಲ್ಲ. ಗುಂಡಿ ಓಗೊಡದಿದ್ದರೆ ತಂತಿ ಕಡಿದಿದೆಯೆಂದೇ ತಿಳಿಯಬಹುದಾಗಿತ್ತು. ಐದು ವರ್ಷಗಳ ತರುವಾಯ, 1968ರ ಡಿಸೆಂಬರ್ 9ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಗ್ಲಸ್ ಎಂಗೆಲ್ಬಾರ್ಟ್ ಅವರು ಮೌಸನ್ನು ಲೋಕಕ್ಕೆ ತೋರಿಸಿದಾಗಲೂ ಅವರ ಎಡಗೈಯ ಕೆಳಗೆ ಐದು ಕೀಲಿಗಳ ಪ್ರತ್ಯೇಕ ಮಣೆಯೊಂದಿತ್ತು. ಚಿತ್ರಕ್ಕೊಂದು ಕೈ, ಆಜ್ಞೆಗೊಂದು ಕೈ ಎಂಬ ಈ ವಿಭಾಗ ಅಂದಿನಿಂದ ಇಂದಿನವರೆಗೂ ಕದಲಿಲ್ಲ.

ಬದಲಾದುದು ಎಡಗೈಯ ಕೆಳಗಿನ ವಸ್ತು. ಗುಂಡಿಗಳ ಪೆಟ್ಟಿಗೆ ಹೋಗಿ, ಅಕ್ಷರ ಟೈಪಿಸಲೆಂದೇ ಹುಟ್ಟಿದ ಕೀಬೋರ್ಡು ಆ ಸ್ಥಾನಕ್ಕೆ ಬಂದೊಡನೆ, ಒತ್ತಿದ ‘ಬಿ’ಯು ಅಕ್ಷರವೋ ಆಜ್ಞೆಯೋ ಎಂಬುದನ್ನು ಪ್ರತಿಸಲವೂ ಯಾರಾದರೂ ತೀರ್ಮಾನಿಸಬೇಕಾಯಿತು. ಈ ತೀರ್ಮಾನ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಝೆರಾಕ್ಸ್ ಸಂಸ್ಥೆಯ ಪಾರ್ಕ್ ಸಂಶೋಧನಾಲಯದ ‘ಬ್ರಾವೊ’ ಎಂಬ ಬರೆಹದ ತಂತ್ರಾಂಶವೇ ದೃಷ್ಟಾಂತ. ಅದು ಆಜ್ಞೆಗಾಗಿ ಕಾಯುತ್ತಿದ್ದ ಹೊತ್ತಿನಲ್ಲಿ, ತಾನು ಟೈಪು ಮಾಡುತ್ತಿದ್ದೇನೆಂಬ ಭ್ರಮೆಯಿಂದ ಯಾರಾದರೂ ‘ಎಡಿಟ್’ ಎಂಬ ಪದವನ್ನು ಒತ್ತಿದರೆ, ‘ಇ’ ಎಂಬುದು ಸಮಸ್ತ ಬರೆಹವನ್ನೂ ಆಯ್ದು, ‘ಡಿ’ ಅದನ್ನೆಲ್ಲ ಅಳಿಸಿ, ‘ಐ’ ಹೊಸ ಅಕ್ಷರಕ್ಕೆ ಬಾಗಿಲು ತೆರೆದು, ಕಡೆಗೆ ಪರದೆಯಲ್ಲಿ ‘ಟಿ’ ಎಂಬ ಏಕಾಂಗಿ ಅಕ್ಷರವೊಂದು ಉಳಿಯುತ್ತಿತ್ತು. ಅಲ್ಲಿಯೇ ಇದ್ದ ಲ್ಯಾರಿ ಟೆಸ್ಲರ್ ಅವರು ಇಂಥ ಇಬ್ಬಂದಿ ಸ್ಥಿತಿಗಳ ವಿರುದ್ಧ ಜೀವಮಾನವಿಡೀ ಹೋರಾಡಿದರು. ಅವರ ಕಾರಿನ ನಂಬರ್ ಫಲಕದ ಮೇಲೂ ‘ನೋ ಮೋಡ್ಸ್’ ಎಂಬ ಘೋಷಣೆಯೇ ಇತ್ತು.

ಬರೆಹಗಾರರ ಮಟ್ಟಿಗೆ ಟೆಸ್ಲರ್ ಗೆದ್ದರು. ಚಿತ್ರಕಾರರ ಮಟ್ಟಿಗೆ ಅವರು ಗೆಲ್ಲಲಿಲ್ಲ, ಗೆಲ್ಲಬೇಕಾಗಿಯೂ ಇರಲಿಲ್ಲವೆಂದು ನನ್ನ ಅಭಿಮತ. ಗೆರೆಯ ನಡುವೆ ಕುಂಚವನ್ನು ಬದಲಿಸಬೇಕಾದವನಿಗೆ ಪ್ರತಿಸಲವೂ ಮೆನುವಿನ ಮೆಟ್ಟಿಲು ಹತ್ತಿಳಿಯುವ ವ್ಯವಧಾನವಿರುವುದಿಲ್ಲ. ಥಾಮಸ್ ಮತ್ತು ಜಾನ್ ನಾಲ್ ಸೋದರರು ರೂಪಿಸಿ 1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೋಶಾಪಿನ ಬಳಗವೆಲ್ಲವೂ ಒಂದೊಂದು ಸಾಧನಕ್ಕೆ ಒಂದೊಂದು ಅಕ್ಷರವೆಂಬ ಪದ್ಧತಿಗೆ ಒಗ್ಗಿಕೊಂಡುದು ಇದರಿಂದಲೇ. ಆ ವೇಗಕ್ಕೆ ತೆರಬೇಕಾದ ಬೆಲೆಯೂ ಜೊತೆಯಲ್ಲಿಯೇ ಬಂದಿತು: ಕುಂಚದ ಗಾತ್ರವನ್ನು ಬರೆದ ಚೌಕದಲ್ಲಿಯೋ, ಪದರದ ಹೆಸರನ್ನು ತಿದ್ದುವ ಜಾಗದಲ್ಲಿಯೋ ಕರ್ಸರ್ ಮಿನುಗುತ್ತ ನಿಂತಿದ್ದರೆ, ಒತ್ತಿದ ಅಕ್ಷರವೆಲ್ಲ ಅಲ್ಲಿಗೇ ಸಲ್ಲುತ್ತದೆ, ಸಂಖ್ಯೆಯ ಚೌಕವು ಅಕ್ಷರವನ್ನು ಒಪ್ಪದೆ ಸುಮ್ಮನಾಗುತ್ತದೆ. ನೋಡುವವನಿಗೆ ಕೀಬೋರ್ಡು ಸತ್ತಂತೆಯೇ. ಎಸ್ಕೇಪ್ ಕೀಲಿಯನ್ನೊಮ್ಮೆ ಒತ್ತಿದರೆ ನೀಗುವ ಈ ವ್ಯಾಧಿಗಾಗಿ ತಂತಿ ಕಿತ್ತವರೆಷ್ಟು ಮಂದಿಯೋ!

ಒಂದೇ ಪರದೆಯಲ್ಲಿ ಹಲವು ವಿಂಡೋಗಳು ತೆರೆದುಕೊಳ್ಳತೊಡಗಿದ ಮೇಲೆ, ಕೀಲಿಯ ಸುದ್ದಿ ಯಾವ ವಿಂಡೋವಿಗೆ ಸೇರಬೇಕೆಂಬ ಎರಡನೆಯ ತೀರ್ಮಾನವೂ ಅಗತ್ಯವಾಯಿತು. 1984ರಲ್ಲಿ ಎಂ.ಐ.ಟಿ.ಯಲ್ಲಿಯೇ ಆರಂಭವಾದ ಎಕ್ಸ್ ವಿಂಡೋ ವ್ಯವಸ್ಥೆಯು ಇದನ್ನು ತಾನು ನಿರ್ಣಯಿಸದೆ ಇತರರಿಗೆ ಬಿಟ್ಟಿತು. ಅದರಿಂದ ಕ್ಲಿಕ್ ಮಾಡಿದ ವಿಂಡೋವಿಗೆ ಕೀಲಿ ಸಲ್ಲಬೇಕೆನ್ನುವವರದೊಂದು ಪಂಥ, ಮೌಸಿನ ಬಾಣ ಎಲ್ಲಿದೆಯೋ ಅಲ್ಲಿಗೇ ಸಲ್ಲಬೇಕೆನ್ನುವವರದೊಂದು ಪಂಥವಾದವು. ನೆದರ್ಲೆಂಡ್ಸಿನ ಟಾನ್ ರೂಸೆಂಡಾಲ್ ಅವರು ತಮ್ಮ ಆನಿಮೇಷನ್ ಸ್ಟುಡಿಯೋಗಾಗಿ ಆರಂಭಿಸಿ, 2002ರಲ್ಲಿ ಸಾರ್ವಜನಿಕರ ದೇಣಿಗೆಯ 1,00,000 ಯೂರೋಗಳಿಂದ ಮುಕ್ತ ತಂತ್ರಾಂಶವಾದ ‘ಬ್ಲೆಂಡರ್’ ತನ್ನೊಳಗೆ ಎರಡನೆಯ ಪಂಥವನ್ನು ಅನುಸರಿಸುತ್ತದೆ. ಅಲ್ಲಿ ವಸ್ತುವನ್ನು ಸರಿಸಲು ‘ಜಿ’ ಒತ್ತಬೇಕು. ಆದರೆ ಬಾಣವು ತ್ರಿವಿಮ ನೋಟವನ್ನು ಬಿಟ್ಟು ಕೆಳಗಿನ ಟೈಮ್‌ಲೈನಿನ ಮೇಲೆ ಅರ್ಧ ಬೆರಳಿನಷ್ಟು ಜಾರಿದ್ದರೂ ವಸ್ತು ಮಿಸುಕುವುದಿಲ್ಲ. ನಮ್ ಲಾಕ್ ಆರಿದ್ದರೆ ಬಲಬದಿಯ ‘1’ ಎಂಬುದು ‘ಎಂಡ್’ ಕೀಲಿಯಾಗಿ ಪರಿಣಮಿಸುವುದರಿಂದ, ಎದುರಿನ ನೋಟಕ್ಕೆಂದು ಅದನ್ನು ಒತ್ತಿದವರಿಗೆ ನೋಟ ತಿರುಗುವುದೂ ಇಲ್ಲ.

ಇನ್ನು ಕೀಲಿಯು ಕಳುಹಿಸುವ ಸುದ್ದಿಯಾದರೂ ಎಂಥದು? 1981ರ ಐ.ಬಿ.ಎಂ. ಪಿ.ಸಿ.ಯ ಕೀಬೋರ್ಡು ಅಕ್ಷರವನ್ನು ಕಳುಹಿಸುತ್ತಿರಲಿಲ್ಲ, ಸಂಖ್ಯೆಯನ್ನು ಕಳುಹಿಸುತ್ತಿತ್ತು: ‘ಬಿ’ ಒತ್ತಿದರೆ 48, ಬೆರಳೆತ್ತಿದರೆ 176. ಒತ್ತಿದುದು ಒಂದು ಸುದ್ದಿ, ಬಿಟ್ಟುದು ಇನ್ನೊಂದು ಸುದ್ದಿ ಎಂಬ ಈ ವಿವೇಚನೆ ತಂತ್ರಾಂಶಗಳಿಗೆ ಇಂದಿಗೂ ಆಧಾರ. ಆಲ್ಟ್ ಒತ್ತಿಕೊಂಡೇ ಬೇರೊಂದು ವಿಂಡೋವಿಗೆ ಹಾರಿ ಅಲ್ಲಿ ಬೆರಳೆತ್ತಿದಾಗ, ಬಿಟ್ಟ ಸುದ್ದಿಯು ಹಳೆಯ ತಂತ್ರಾಂಶಕ್ಕೆ ತಲಪದಿರಬಹುದು. ಆಲ್ಟ್ ಇನ್ನೂ ಒತ್ತಿಯೇ ಇದೆಯೆಂದು ನಂಬಿದ ಅದು ಮುಂದಿನ ‘ಬಿ’ಯನ್ನು ‘ಆಲ್ಟ್-ಬಿ’ ಎಂದು ಗ್ರಹಿಸಿ, ಅಂಥ ಆಜ್ಞೆ ತನಗಿಲ್ಲವೆಂದು ಕೈಬಿಡುತ್ತದೆ. ಆಲ್ಟ್, ಶಿಫ್ಟ್, ಕಂಟ್ರೋಲ್ ಕೀಲಿಗಳನ್ನು ಎರಡೂ ಬದಿಯಲ್ಲಿ ಒಂದೊಂದು ಸಲ ತಟ್ಟಿಬಿಡುವ ಅನುಭವಿಗಳ ಅಭ್ಯಾಸ ಮೂಢಾಚಾರವೇನೂ ಅಲ್ಲ.

ಪರೋಪಕಾರದಿಂದಲೂ ಕೀಲಿ ಮೂಕವಾಗುವುದುಂಟು. ಕೈನಡುಕವುಳ್ಳವರಿಗೆ ನೆರವಾಗಲೆಂದು ವಿಂಡೋಸ್‌ನಲ್ಲಿ ‘ಫಿಲ್ಟರ್ ಕೀಸ್’ ಎಂಬ ಸೌಕರ್ಯವಿದೆ. ಕ್ಷಣಮಾತ್ರ ತಗಲಿದ ಕೀಲಿಯನ್ನು ಅದು ಅಲಕ್ಷಿಸುತ್ತದೆ. ಬಲಬದಿಯ ಶಿಫ್ಟನ್ನು 8 ಸೆಕೆಂಡು ಒತ್ತಿಹಿಡಿದರೆ ಅದು ತಾನಾಗಿ ಮೇಲೆದ್ದು ಅನುಮತಿ ಕೇಳುತ್ತದೆ. ನೆಟ್ಟನೆಯ ಗೆರೆಗಾಗಿ ಶಿಫ್ಟ್ ಹಿಡಿದೇ ಇರುವುದು ಚಿತ್ರಕಾರನ ನಿತ್ಯಕರ್ಮ. ಅದರಲ್ಲಿಯೂ ಎಡಗೈಯಲ್ಲಿ ಪೆನ್ನು ಹಿಡಿಯುವವರ ಬಲಗೈ ಆ ಕೀಲಿಯ ಮೇಲೆಯೇ ತಂಗುವುದು ಸಹಜ. ಕೇಳಿದ ಪ್ರಶ್ನೆಯನ್ನು ಓದದೆ ಎಂಟರ್ ಒತ್ತಿದವನ ಚುರುಕಾದ ಬೆರಳುಗಳನ್ನು ಅನಂತರ ಗಣಕವು ಲೆಕ್ಕಿಸುವುದೇ ಇಲ್ಲ.

ಕನ್ನಡಿಗರಾದ ನಮಗೆ ಇದರ ಮೇಲೆ ಇನ್ನೊಂದು ತೊಡಕು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ‘ಬಿ’ ಒತ್ತಿದರೆ ‘ಬ’ ಬರುತ್ತದೆ, ‘ಜಿ’ ಒತ್ತಿದರೆ ‘ಗ’. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಬಿ’ಯ ಜಾಗದಲ್ಲಿರುವುದು ‘ವ’. ‘ಜಿ’ಯ ಜಾಗದಲ್ಲಿರುವುದು ವ್ಯಂಜನವೂ ಅಲ್ಲ, ಉಕಾರದ ಕೊಂಬು. ವಸ್ತುವನ್ನು ಸರಿಸೆಂಬ ಆಜ್ಞೆಗಾಗಿ ಕಾದಿರುವ ತಂತ್ರಾಂಶಕ್ಕೆ ಆಶ್ರಯವಿಲ್ಲದ ಕೊಂಬೊಂದು ಬಂದು ತಲಪಿದರೆ ಅದಾದರೂ ಏನು ಮಾಡೀತು? ಕೀಲಿಯ ಕ್ರಮಾಂಕವನ್ನು ನೋಡುವ ತಂತ್ರಾಂಶಗಳು ಇದರಿಂದ ಪಾರಾಗುತ್ತವೆ. ಬಂದ ಅಕ್ಷರವನ್ನು ನೋಡುವಂಥವು ಸಿಕ್ಕಿಬೀಳುತ್ತವೆ. ಇಂಗ್ಲಿಷ್ ಧ್ವನಿಯಿಂದ ಕನ್ನಡ ಮೂಡಿಸುವ ಸಾಧನಗಳಲ್ಲಿಯಂತೂ ಕೀಲಿಯನ್ನು ಮೊದಲು ಅವೇ ಎತ್ತಿಕೊಳ್ಳುತ್ತವೆ. ವಿಂಡೋಸ್‌ನಲ್ಲಿ ಆಗ ಚಿತ್ರದ ತಂತ್ರಾಂಶಕ್ಕೆ ದೊರೆಯುವುದು 229 ಎಂಬ ಸಂಖ್ಯೆ ಮಾತ್ರ, ಅಂದರೆ ಈ ಕೀಲಿ ಬೇರೆಯವರ ವಶದಲ್ಲಿದೆ ಎಂಬ ಸೂಚನೆ. ನಾನಂತೂ ಕನ್ನಡಕ್ಕೆ ಬದಲಿಸಿಯೇ ಇಲ್ಲವಲ್ಲ ಎನ್ನುವವರೂ ಉಂಟು. ಇಲಸ್ಟ್ರೇಟರಿನಲ್ಲಿ ಆಕೃತಿಯನ್ನು ಕೇಂದ್ರದಿಂದ ಸಮಪ್ರಮಾಣದಲ್ಲಿ ಹಿಗ್ಗಿಸಲು ಒತ್ತುವ ಆಲ್ಟ್-ಶಿಫ್ಟ್ ಜೋಡಿಯೇ ವಿಂಡೋಸ್‌ನಲ್ಲಿ ಬಹುಕಾಲದಿಂದ ಭಾಷೆ ಬದಲಿಸುವ ಜೋಡಿಯೂ ಆಗಿರುವುದರಿಂದ, ಆಕೃತಿ ಹಿಗ್ಗುವಾಗ ಭಾಷೆಯೂ ಬದಲಾಗಿಬಿಡುವುದುಂಟು. ಪರದೆಯ ಕೆಳಮೂಲೆಯ ಭಾಷಾಸೂಚಕದತ್ತ ಕಣ್ಣು ಹಾಯಿಸಿದರೆ ನಿಜಸ್ಥಿತಿ ತಿಳಿಯುತ್ತದೆ.

ಆದುದರಿಂದ ತಂತಿ ಕೀಳುವ ಮುನ್ನ ನೋಟ್‌ಪ್ಯಾಡ್ ತೆರೆದು ಅದೇ ಕೀಲಿಯನ್ನು ಒತ್ತುವುದು ಲೇಸು. ಅಲ್ಲಿ ‘ಬಿ’ ಮೂಡಿದರೆ ಕೀಬೋರ್ಡು ನಿರಪರಾಧಿ. ‘ಬ’ ಅಥವಾ ‘ವ’ ಮೂಡಿದರೆ ದೋಷ ಭಾಷೆಯದು. ಒತ್ತಿಹಿಡಿದ ಮೇಲಷ್ಟೇ ಮೂಡಿದರೆ ಫಿಲ್ಟರ್ ಕೀಸ್. ಏನೂ ಮೂಡದಿದ್ದರೆ ಮಾತ್ರ ತಂತಿಯ ಸರದಿ. ಯಾವುದೂ ಅಲ್ಲವೆಂದಾದಲ್ಲಿ ತಂತ್ರಾಂಶದ ಆದ್ಯತೆಗಳ ಕಡತವೇ ಕೆಟ್ಟಿರುವ ಸಂಭವವುಂಟು. ಫೋಟೋಶಾಪ್ ತೆರೆಯುವ ಕ್ಷಣದಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒಟ್ಟಿಗೆ ಒತ್ತಿಹಿಡಿದರೆ ಅದನ್ನು ಅಳಿಸಲೇ ಎಂದು ಕೇಳುತ್ತದೆ. ವರ್ಷಗಟ್ಟಲೆ ತಿದ್ದಿ ಒಗ್ಗಿಸಿಕೊಂಡ ಶಾರ್ಟ್‌ಕಟ್‌ಗಳ ಪ್ರತಿಯೊಂದನ್ನು ಬೇರೆಡೆ ಇರಿಸಿಕೊಂಡ ಮೇಲೆಯೇ ಹೌದೆನ್ನುವುದು ಒಳ್ಳೆಯದು.