ಸಾಮಾನಿನ ಟ್ರೈಲರು ಬಿಡಾರವಾದಾಗ

ಎತ್ತಿನ ಗಾಡಿಗೆ ಮೂಟೆ ಹೇರುವ ರೈತನನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಹೇರಿ ಮುಗಿದ ಮೇಲೆ ಅವನು ಮೂಕಿಯನ್ನು ಒಮ್ಮೆ ಕೈಯಿಂದ ಎತ್ತಿ ನೋಡುತ್ತಾನೆ. ಮುಂಭಾರವಾದರೆ ಎತ್ತಿನ ಹೆಗಲು ನೋಯುವುದು. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುವುದು. ಒಂದು ಮೂಟೆಯನ್ನು ಅತ್ತಿತ್ತ ಸರಿಸಿ ಅವನು ಸಾಧಿಸುವ ಸಮತೋಲನವನ್ನು ನಾವು ಮರೆತು, ಅದರ ಫಲವನ್ನು ಉಂಡ ಪ್ರಸಂಗವನ್ನು ಇಲ್ಲಿ ಹೇಳಬೇಕಾಗಿದೆ.

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ ನಮ್ಮ ಸ್ನೇಹಿತರೊಬ್ಬರ ಬಳಿ ಜೀಪಿನ ಹಿಂದೆ ಕಟ್ಟುವ ಎರಡು ಚಕ್ರದ ಸಣ್ಣ ಟ್ರೈಲರೊಂದಿತ್ತು. ಗೊಬ್ಬರ, ಹಿಂಡಿ, ಎಳನೀರು ಸಾಗಿಸುತ್ತಿದ್ದ ಗಾಡಿ. ಕಲ್ಲುಮಣ್ಣಿನ ದಾರಿಯಲ್ಲಿಯೂ ಎಳೆದೊಯ್ದು, ರಾತ್ರಿ ಅದರಲ್ಲಿಯೇ ಮಲಗಬಹುದಾದ ಬಿಡಾರವನ್ನಾಗಿ ಅದನ್ನು ಮಾರ್ಪಡಿಸಬೇಕೆಂಬುದು ಅವರ ಆಸೆ. ಆಸೆಯೇನೂ ಹೊಸದಲ್ಲ. ಮುಡುಕುತೊರೆಯ ದನಗಳ ಜಾತ್ರೆಗೆ ಕಮಾನುಗಾಡಿ ಕಟ್ಟಿಕೊಂಡು ಹೋಗಿ, ಅದರೊಳಗೇ ಮಲಗಿ ಬರುತ್ತಿದ್ದವರ ಮೊಮ್ಮಕ್ಕಳು ಇವರು. ಎರಡನೆಯ ಮಹಾಯುದ್ಧದಲ್ಲಿ ಜೀಪುಗಳ ಹಿಂದೆ ಓಡಾಡಿದ ಕಾಲು ಟನ್ನಿನ ಟ್ರೈಲರುಗಳನ್ನು ಯುದ್ಧಾನಂತರ ಅನೇಕರು ಹೀಗೆಯೇ ಬಿಡಾರಗಳನ್ನಾಗಿ ಮಾಡಿಕೊಂಡರು.

ಕೆಲಸಕ್ಕೆ ಮೊದಲು ಒಂದು ಎಚ್ಚರಿಕೆ. ಕಾನೂನಿನ ದೃಷ್ಟಿಯಲ್ಲಿ ಟ್ರೈಲರೂ ಮೋಟಾರು ವಾಹನವೇ. ನೋಂದಣಿ ಪತ್ರದ ವಿವರಗಳು ವ್ಯತ್ಯಾಸವಾಗುವಂಥ ಮಾರ್ಪಾಡನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ಆದುದರಿಂದ ಮೊದಲು ಸಾರಿಗೆ ಕಚೇರಿ, ಆಮೇಲೆ ಗ್ಯಾರೇಜು.

ಕೊಳವೆಗಳನ್ನು ಬಗ್ಗಿಸಿ ಕಮಾನು ಮಾಡಿ, ಮೇಲೆ ಕ್ಯಾನ್ವಾಸು ಹೊದಿಸಿದೆವು. ಕೆಳಗೆ ಮಲಗುವ ಹಲಗೆ, ಮುಂದೆ ಪಾತ್ರೆಗಳ ಪೆಟ್ಟಿಗೆ. 60 ಲೀಟರಿನ ನೀರಿನ ತೊಟ್ಟಿಯನ್ನು ಮಾತ್ರ, ನಲ್ಲಿ ಕೈಗೆಟುಕಲೆಂದು, ಹಿಂಭಾಗದಲ್ಲಿ ಕೂರಿಸಿದೆವು. ಒಟ್ಟು ತೂಕ 500 ಕಿಲೋಗ್ರಾಂ. ಊರ ದಾರಿಯಲ್ಲಿ ಗಾಡಿ ಸಾಧುವಾಗಿಯೇ ನಡೆಯಿತು. ಟಾರು ರಸ್ತೆಯಲ್ಲಿ ವೇಗ ಗಂಟೆಗೆ 50 ಕಿಲೋಮೀಟರಿಗೆ ಏರಿದೊಡನೆ ಅದರ ಬಾಲ ಎಡಬಲಕ್ಕೆ ತೂಗಾಡಲಾರಂಭಿಸಿತು. ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದು. ಸ್ನೇಹಿತರು ಬ್ರೇಕನ್ನು ಒತ್ತದೆ, ಚುಕ್ಕಾಣಿಯನ್ನು ತಿರುಗಿಸದೆ, ಇಂಧನದ ಪೆಡಲಿನಿಂದ ಕಾಲು ತೆಗೆದುದರಿಂದ ನಾವು ಉಳಿದೆವು.

ಮನೆಗೆ ಮರಳಿದಾಗ ಸ್ನೇಹಿತರ ತಂದೆ ಟ್ರೈಲರಿನ ಮೂತಿಯನ್ನು ಒಂದೇ ಕೈಯಲ್ಲಿ ಎತ್ತಿ, “ಹಿಂಭಾರ ಆಗೈತೆ ಮೇಷ್ಟ್ರೇ” ಎಂದರು. ಭೌತಶಾಸ್ತ್ರ ಬೋಧಿಸುವವರಿಗೆ ಇದಕ್ಕಿಂತ ನಾಚಿಕೆ ಬೇರೆ ಬೇಕೆ? ಆಲೆಮನೆಯ ಬೆಲ್ಲ ತೂಗುವ ಯಂತ್ರವನ್ನು ತರಿಸಿ ಮೂತಿಯ ಭಾರವನ್ನು ತೂಗಿದೆವು: 12 ಕಿಲೋಗ್ರಾಂ.

ಇದು ಎಷ್ಟಿರಬೇಕು? ಒಟ್ಟು ತೂಕದ ಹತ್ತನೆಯ ಒಂದು ಭಾಗ, ಅಂದರೆ 50 ಕಿಲೋಗ್ರಾಂ ಇದ್ದರೆ ಕ್ಷೇಮ. ನಮ್ಮ ಟ್ರೈಲರಿನಲ್ಲಿ ಕೊಂಡಿಯಿಂದ ಅಚ್ಚಿಗೆ 2.2 ಮೀಟರು ದೂರ. ಹಾಗಾದರೆ ಗುರುತ್ವಕೇಂದ್ರವು ಅಚ್ಚಿನಿಂದ 22 ಸೆಂಟಿಮೀಟರು ಮುಂದಿರಬೇಕು. ನಮ್ಮದು ಸುಮಾರು 5 ಸೆಂಟಿಮೀಟರು ಮಾತ್ರ ಮುಂದಿತ್ತು. ತೊಟ್ಟಿಯು ಅಚ್ಚಿನ ಹಿಂದೆ 70 ಸೆಂಟಿಮೀಟರು ದೂರದಲ್ಲಿತ್ತು. ಅದನ್ನು ಅಷ್ಟೇ ಮುಂದಕ್ಕೆ ತಂದರೆ 60 ಕಿಲೋಗ್ರಾಂ ನೀರು 1.4 ಮೀಟರು ಸರಿದಂತಾಗಿ, ಭ್ರಾಮಕವು 84 ಕಿಲೋಗ್ರಾಂ-ಮೀಟರಿನಷ್ಟು ಹೆಚ್ಚುತ್ತದೆ. ಅದನ್ನು 2.2ರಿಂದ ಭಾಗಿಸಿದರೆ 38. ಮೊದಲಿನ 12 ಸೇರಿಸಿದರೆ 50! ತೊಟ್ಟಿಯನ್ನು ಮುಂದಿಟ್ಟು ತೂಗಿದಾಗ ಲೆಕ್ಕ ಸರಿಹೋಯಿತು, ತೂಗಾಟವೂ ನಿಂತಿತು. ತೊಟ್ಟಿ ಬರಿದಾದಾಗ ಮೂತಿಯ ಭಾರ ಎಷ್ಟಾಗುವುದೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. 31 ಬಂದರೆ ಸರಿ.

ಇನ್ನು ಕಲ್ಲುದಾರಿ. ಹೆಚ್ಚು ಭಾರಕ್ಕೆಂದು ಮಾಡಿದ ಸ್ಪ್ರಿಂಗು ಕಡಿಮೆ ಭಾರದಲ್ಲಿ ಬಾಗುವುದೇ ಇಲ್ಲ. ನಮ್ಮ ಹೊರೆಗೆ ಅದು ಕುಸಿದದ್ದು 1 ಸೆಂಟಿಮೀಟರು. ಸ್ಪ್ರಿಂಗಿನ ಮೇಲಿನ ಭಾರ ಸೆಕೆಂಡಿಗೆ ಎಷ್ಟು ಬಾರಿ ಕುಣಿಯುವುದೆಂಬುದನ್ನು ಈ ಕುಸಿತವೊಂದೇ ನಿರ್ಧರಿಸುತ್ತದೆ. 1 ಸೆಂಟಿಮೀಟರಿಗೆ ಸೆಕೆಂಡಿಗೆ 5 ಬಾರಿ. ಕುಸಿತ ನಾಲ್ಕು ಪಟ್ಟಾದರೆ ಕುಣಿತ ಅರ್ಧವಾಗುತ್ತದೆ. ಪಾತ್ರೆಗಳೆಲ್ಲ ಗಲಗಲನೆ ನಡುಗಿ, ಬೋಲ್ಟುಗಳು ಸಡಿಲಗೊಂಡ ಕಾರಣ ಈಗ ತಿಳಿಯಿತು. 4 ಸೆಂಟಿಮೀಟರು ಕುಸಿಯುವ ಮೆದು ಸ್ಪ್ರಿಂಗನ್ನು ಹಾಕಿಸಿದೆವು. ಮಣ್ಣಿನ ದಾರಿಯಲ್ಲಿ ಟೈರಿನ ಗಾಳಿಯನ್ನು ಸ್ವಲ್ಪ ತಗ್ಗಿಸಿದರೆ ಅದು ನೆಲವನ್ನು ಅಗಲವಾಗಿ ಒತ್ತುತ್ತದೆ, ಹೂತುಕೊಳ್ಳುವುದಿಲ್ಲ. ಟಾರಿಗೆ ಬಂದೊಡನೆ ಮತ್ತೆ ತುಂಬಬೇಕು.

ಕಲ್ಲು ತಗಲಬಾರದೆಂದು ಗಾಡಿಯನ್ನು ಬಹಳ ಎತ್ತರಿಸುವವರುಂಟು. ಚಕ್ರಗಳ ನಡುವಿನ ಅಗಲ 1.3 ಮೀಟರಿದ್ದು ಗುರುತ್ವಕೇಂದ್ರ 65 ಸೆಂಟಿಮೀಟರು ಎತ್ತರದಲ್ಲಿದ್ದರೆ, ನಿಂತ ಗಾಡಿ ಮಗುಚಲು ನೆಲ 45 ಡಿಗ್ರಿ ವಾಲಬೇಕು. ಅದೇ ಎತ್ತರ 1 ಮೀಟರಾದರೆ 33 ಡಿಗ್ರಿ ಸಾಕು. ಓಡುವಾಗ ಇನ್ನೂ ಕಡಿಮೆ. ಮಾಡಿನ ಮೇಲೆ ಸಾಮಾನು ಕಟ್ಟಲು ನಾವು ಒಪ್ಪಲಿಲ್ಲ.

ಕೊನೆಯದಾಗಿ ನಿಲುಗಡೆಯ ಮಾತು. ಮುತ್ತತ್ತಿಯಂಥ ಕಡೆ ರಾತ್ರಿ ತಂಗುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹೊಲದಂಚಿನಲ್ಲಾದರೆ ಯಜಮಾನರ ಒಪ್ಪಿಗೆ ಸಾಕು. ಎಲ್ಲಿಯೇ ಆಗಲಿ, ಜೀಪಿನಿಂದ ಕಳಚಿದ ಗಾಡಿಯನ್ನು ಮುಂದಕ್ಕೆ ಬಾಗಿಸಿ ಹಿಡಿದಿರುವುದು ಮೂತಿಯ 50 ಕಿಲೋಗ್ರಾಂ ಭಾರ. ಅದರ ಭ್ರಾಮಕ 110. ಒಟ್ಟು 120 ಕಿಲೋಗ್ರಾಂ ತೂಗುವ ಇಬ್ಬರು ಹಿಂಬದಿಯಲ್ಲಿ, ಅಚ್ಚಿನಿಂದ ಒಂದು ಮೀಟರು ಆಚೆ ಕುಳಿತರೆ 120 ಆಗಿ, ಮೂತಿ ಆಕಾಶಕ್ಕೇಳುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು, ಬಾಲದ ಎರಡೂ ಮೂಲೆಗಳಿಗೆ ಊರೆಗೋಲು ನಿಲ್ಲಿಸಿದ ಮೇಲೆಯೇ ನಾವು ಒಳಗೆ ಹತ್ತುವುದು.